ಬಿಚ್ಚಿ ನೋಡೋಣ

ವೆಸ್ಟ್ ಆಫ್ ಕಾರ್ಡ್ ರೋಡಿನಿಂದ ಹಿಡಿದು ಕೆಂಗೇರಿ ಉಪನಗರದವರೆಗೆ, ಯಾವ ಅಡ್ಡರಸ್ತೆಗೆ ಬೇಕಾದರೂ ಭಾನುವಾರ ಬೆಳಗ್ಗೆ ಹೋಗಿ ನೋಡಿ. ತೋಳಿಲ್ಲದ ಬನಿಯನ್ನು, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಬಾಯಲ್ಲೊಂದು ಸ್ಕ್ರೂ. ಎದುರಿಗೆ ಹಳೇ ಕಾರು. ಅದರ ಯಾವುದೋ ಅಂಗ ನಿನ್ನೆಯ ಪೇಪರಿನ ಮೇಲೆ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತದೆ. ಇವರಿಗೆ ಹೆಸರು ಬೇಕಿಲ್ಲ. ಎದುರಿಗೆ ಬೀದಿಯವರೆಲ್ಲ ‘ಯಜಮಾನರೇ’ ಅನ್ನುತ್ತಾರೆ, ಬೆನ್ನ ಹಿಂದೆ ‘ಬಿಚ್ಚಿ ನೋಡೋಣ’ ಅನ್ನುತ್ತಾರೆ. ಮಿಕ್ಸಿ ಗೊರಗುಟ್ಟಲಿ, ಗೀಸರ್ ಟ್ರಿಪ್ ಆಗಲಿ, ಪಕ್ಕದ ಮನೆ ಮಗುವಿನ ರಿಮೋಟ್ ಕಾರು ನಿಲ್ಲಲಿ, ಯಜಮಾನರ ಬಾಯಿಂದ ಹೊರಡುವುದು ಅದೊಂದೇ ಮಾತು. ‘ಸರಿ ಮಾಡೋಣ’ ಎಂದು ಅವರು ಎಂದೂ ಅಂದವರಲ್ಲ. ಮಾತಿಗೆ ತಪ್ಪುವ ಮನುಷ್ಯರಲ್ಲ.

ದುಡಿದದ್ದು ಮೈಸೂರು ರಸ್ತೆಯ ಬಿಎಚ್‌ಇಎಲ್ ಇರಬಹುದು, ಜಾಲಹಳ್ಳಿಯ ಎಚ್‌ಎಂಟಿ ಇರಬಹುದು, ಪೀಣ್ಯದ ಯಾವುದೋ ಶೆಡ್ಡೂ ಇರಬಹುದು. ಕಂಪನಿ ಅವರನ್ನು ಬಿಟ್ಟು ಕಾಲವಾಯಿತು, ಅವರು ಮೊದಲ ಶಿಫ್ಟನ್ನು ಬಿಟ್ಟಿಲ್ಲ; ಆರೂವರೆಗೆ ಗೇಟಿನ ಬಳಿ ಹಾಜರ್. ಮೊಮ್ಮಗಳನ್ನು ರಾಜ್‌ಕುಮಾರ್ ರಸ್ತೆಯ ಒರಾಯನ್ ಮಾಲಿಗೆ ಕರೆದುಕೊಂಡು ಹೋದರೆ, ಎಸ್ಕಲೇಟರ್ ಹತ್ತುವ ಮೊದಲು ನಿಂತು, ಇದೆಲ್ಲ ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಜಾಗ, ಇಲ್ಲಿ ಎಂಥೆಂಥ ಮೋಟಾರು ತಯಾರಾಗುತ್ತಿತ್ತು ಗೊತ್ತೇ ಎಂದು ಶುರು ಮಾಡುತ್ತಾರೆ. ಹಿಂದೆ ಜನ ಜಮಾಯಿಸುತ್ತಾರೆ. ಸೆಕ್ಯುರಿಟಿಯವನು ಬಂದು ‘ಸಾರ್, ಸೈಡಿಗೆ’ ಅಂದಾಗ ಅವನಿಗೂ ಅರ್ಧ ಇತಿಹಾಸ ಸಿಗುತ್ತದೆ. 1949ರಲ್ಲಿ ರಾಜಾಜಿಯವರೇ ಬಂದು ರಾಜಾಜಿನಗರಕ್ಕೆ ಶಂಕುಸ್ಥಾಪನೆ ಮಾಡಿದ್ದನ್ನು, ಆಗಿನ್ನೂ ಹುಟ್ಟದಿದ್ದರೂ, ಕಣ್ಣಾರೆ ಕಂಡವರಂತೆ ಹೇಳುತ್ತಾರೆ.

ನಮ್ಮ ಬಸವೇಶ್ವರನಗರದ ಬೀದಿಗೂ ಇಂಥವರೊಬ್ಬರಿದ್ದಾರೆ. ಅವರ ಕಾರಿನ ನಂಬರು ಕೆಎ-02ರಿಂದ ಶುರು, ಅಂದರೆ ರಾಜಾಜಿನಗರ ಆರ್‌ಟಿಓದ್ದು. ಈ ವಿಷಯದಲ್ಲಿ ಅವರಿಗೆ ಸ್ವಲ್ಪ ಮಡಿವಂತಿಕೆಯೂ ಉಂಟು. ಜ್ಞಾನಭಾರತಿ ಆರ್‌ಟಿಓದ ಕೆಎ-41 ಕಾರಿಟ್ಟುಕೊಂಡಿರುವ ಕೆಂಗೇರಿಯ ಷಡ್ಡಕನನ್ನು ಊರಾಚೆಯವನು ಎಂದೇ ಲೆಕ್ಕ ಹಾಕುತ್ತಾರೆ. ಕಾರಿಗೆ ಹದಿನೈದು ತುಂಬಿತು. ಮೊದಲು 600 ರೂಪಾಯಿ ಇದ್ದ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಮಗ, ‘ಅಪ್ಪಾ, ಮಾರಿಬಿಡಿ’ ಎಂದ. ಯಜಮಾನರು ಐದು ಸಾವಿರ ಕಟ್ಟಿ, ಹಸಿರು ತೆರಿಗೆಯನ್ನೂ ಕಟ್ಟಿ, ಇನ್ನೈದು ವರ್ಷದ ಆಯುಷ್ಯ ಬರೆಸಿಕೊಂಡು ಬಂದರು. ಮಗನ ಹೊಸ ಕಾರಿನ ಬಾನೆಟ್ ತೆಗೆದರೆ ಕಾಣುವುದು ಒಂದು ದೊಡ್ಡ ಪ್ಲಾಸ್ಟಿಕ್ ಮುಚ್ಚಳ. ‘ಒಳಗೆ ಏನೋ ಮುಚ್ಚಿಟ್ಟಿದ್ದಾರೆ’ ಎನ್ನುವುದು ಯಜಮಾನರ ಗುಮಾನಿ.

ಈಗ ಯಜಮಾನರ ಕಾರಿನ ಎಡಗಡೆಯ ಸೈಡ್ ಮಿರರ್ ವಿಚಾರ. ಸ್ವಿಚ್ ಒತ್ತಿದರೆ ಬಲಗಡೆಯದು ‘ಝುಂಯ್’ ಎಂದು ಮಡಚಿಕೊಂಡು ಸುಮ್ಮನಾಗುತ್ತದೆ. ಎಡಗಡೆಯದು ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರು ಮುಖ ತಿರುಗಿಸುವ ಹಾಗೆ, ತಿರುಗಲೋ ಬೇಡವೋ ಎಂದು ಹೊರಟು ಅರ್ಧದಲ್ಲಿ ನಿಂತುಬಿಡುತ್ತದೆ. ಕೈಯಲ್ಲಿ ಮಡಚಬಾರದೇ ಎಂದು ನೀವು ಕೇಳಬಹುದು. ಅದನ್ನು ಯಜಮಾನರ ಹೆಂಡತಿ ಆಗಲೇ ಕೇಳಿಯಾಗಿದೆ. ‘ಪದ್ಮಿನಿ ಕಾರಿದ್ದಾಗ ಕೈಯಲ್ಲೇ ತಾನೇ ಮಡಚುತ್ತಿದ್ದದ್ದು?’ ಉತ್ತರ ಬಂದದ್ದು ಇಷ್ಟು: ‘ಪದ್ಮಿನಿಗೆ ಮೋಟಾರ್ ಇರಲಿಲ್ಲ. ಇದಕ್ಕೆ ಇದೆ. ಇದ್ದೂ ಕೆಲಸ ಮಾಡದಿದ್ದರೆ ಅದು ಡಿಸಿಪ್ಲಿನ್ ಪ್ರಶ್ನೆ.’

ಮಡಚದೆ ವಿಧಿಯೂ ಇಲ್ಲವೆನ್ನಿ. ಕುರುಬರಹಳ್ಳಿ, ಕಾಮಾಕ್ಷಿಪಾಳ್ಯದ ಅಡ್ಡರಸ್ತೆಗಳಲ್ಲಿ ಎರಡೂ ಬದಿಗೆ ಕಾರು ನಿಂತ ಮೇಲೆ ನಡುವೆ ಉಳಿಯುವ ಜಾಗದಲ್ಲಿ ನೀರಿನ ಟ್ಯಾಂಕರ್ ಬರಬೇಕು, ಎದುರಿನಿಂದ ಆಟೋ ಬರಬೇಕು, ಇಬ್ಬರೂ ಹಿಂದೆ ಹೋಗಬಾರದು. ಚಾಚಿಕೊಂಡ ಕನ್ನಡಿ ಅಂದರೆ ಹೋಗಿಬರುವವರಿಗೆಲ್ಲ ಆಹ್ವಾನ.

ಸರ್ವಿಸ್ ಸೆಂಟರಿನಲ್ಲಿ ಟೈ ಕಟ್ಟಿದ ಹುಡುಗ ಟ್ಯಾಬಿನಿಂದ ಕತ್ತೆತ್ತದೆ, ‘ಅಸೆಂಬ್ಲಿ ಚೇಂಜ್ ಸಾರ್’ ಎಂದ. ಯಜಮಾನರಿಗೆ ಸಿಟ್ಟು ಬಂದದ್ದು ಅವನು ಹೇಳಿದ ರೇಟಿಗಲ್ಲ. ಮುಟ್ಟಿ ಕೂಡ ನೋಡದೆ ತೀರ್ಪು ಕೊಟ್ಟನಲ್ಲ, ಅದಕ್ಕೆ. ಅಲ್ಲಿಂದ ನೇರ ಜೆ.ಸಿ. ರೋಡು. ಟೌನ್ ಹಾಲ್ ಕಡೆಯಿಂದ ಮಿನರ್ವ ವೃತ್ತದ ತನಕ ಒಂದೊಂದೇ ಅಂಗಡಿ ಹತ್ತಿಳಿದರು. ‘ಸೆಟ್ ಬರುತ್ತೆ ಸಾರ್, ಮೋಟಾರ್ ಬರಲ್ಲ.’ ‘ಗ್ಲಾಸ್ ಬರುತ್ತೆ, ಗೇರ್ ಬರಲ್ಲ.’ ಕೊನೆಗೆ ಒಬ್ಬ ಶಿವಾಜಿನಗರದ ಗುಜರಿಗೆ ದಾರಿ ತೋರಿಸಿದ. ಗುಜರಿಯಲ್ಲಿ ಸಿಕ್ಕಿತು, ಆದರೆ ಬಲಗಡೆಯದು. ಯಜಮಾನರು ಅದನ್ನೂ ಚೌಕಾಸಿ ಮಾಡಿ ತಂದರು. ಏಕೆಂದು ಯಾರೂ ಕೇಳಲಿಲ್ಲ. ಅವರ ಮನೆಯ ಅಟ್ಟ ನೋಡಿದವರು ಕೇಳುವುದಿಲ್ಲ.

ಮುಂದಿನ ಭಾನುವಾರ ತನಿಖೆ. ಇಲ್ಲಿ ಮಾತ್ರ ನಗುವುದನ್ನು ಬಿಟ್ಟು ನೋಡಬೇಕು, ಮನುಷ್ಯನಿಗೆ ಕೆಲಸ ಗೊತ್ತು. ಎರಡೂ ಕನ್ನಡಿ ನಿಧಾನವಾದರೆ ದೋಷ ಸ್ವಿಚ್ಚಿನಲ್ಲೋ ಅರ್ಥಿಂಗಿನಲ್ಲೋ ಬ್ಯಾಟರಿಯಲ್ಲೋ ಇರುತ್ತದೆ. ಒಂದೇ ನಿಧಾನವಾದರೆ ಅದರ ಹೊಟ್ಟೆಯಲ್ಲೇ ಇರಬೇಕು, ಇಲ್ಲವೇ ಬಾಗಿಲ ಕೀಲಿನ ಬಳಿ ಮಡಚಿ ಮಡಚಿ ಒಳಗೇ ತುಂಡಾದ ವೈರಿನಲ್ಲಿ. ಮಲ್ಟಿಮೀಟರ್ ಹಿಡಿದರು. ಎಂಜಿನ್ ನಿಂತಾಗ ಬ್ಯಾಟರಿ 12.5 ವೋಲ್ಟ್; ಸ್ಟಾರ್ಟ್ ಮಾಡಿದರೆ ಆಲ್ಟರ್ನೇಟರ್ ದಯೆಯಿಂದ 14. ಆಗ ಕನ್ನಡಿ ಕೊಂಚ ಚುರುಕಾಯಿತು. ‘ನೋಡಿದ್ರಾ, ಮೋಟಾರ್ ಸತ್ತಿಲ್ಲ. ಬಿಗಿ ಜಾಸ್ತಿಯಾಗಿದೆ. ಅರ್ಧದಲ್ಲಿ ಬಿಗಿಯಾದರೆ ಕರೆಂಟ್ ಏರುತ್ತೆ. ಕರೆಂಟ್ ಏರಿದರೆ, ಕೊನೆ ಮುಟ್ಟಿತು ಅಂದುಕೊಂಡು ಕಂಟ್ರೋಲರ್ ಆಫ್ ಮಾಡುತ್ತೆ.’ ಬೀದಿಯ ಹುಡುಗರು ತಲೆಯಾಡಿಸಿದರು. ಅವರು ಕ್ರಿಕೆಟ್‌ಗೆ ಜಾಗ ಬೇಕೆಂದು ಕಾದಿದ್ದವರು.

ಹೊತ್ತಿಗೆ ಸರಿಯಾಗಿ ಕೆಂಗೇರಿಯ ಷಡ್ಡಕ ಮೆಟ್ರೋ ಹತ್ತಿ, ವಿಜಯನಗರದಲ್ಲಿಳಿದು, ಆಟೋ ಹಿಡಿದು ಬಂದರು. 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೋ ಆದದ್ದರಿಂದ ಊರಿಗೆಲ್ಲ ಅನುಕೂಲವಾಯಿತು, ಯಜಮಾನರಿಗೊಬ್ಬರಿಗೆ ಅನನುಕೂಲ. ಷಡ್ಡಕರೂ ರಿಟೈರ್ಡ್, ಅವರ ಚೀಲದಲ್ಲೂ ಸ್ಕ್ರೂಡ್ರೈವರ್. ‘ಸ್ವಲ್ಪ ಡಬ್ಲ್ಯೂಡಿ-40 ಹೊಡೀರಿ, ಮುಗೀತು’ ಎಂದರು. ಯಜಮಾನರು ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತರು. ‘ಅದು ಗ್ರೀಸ್ ಅಲ್ಲ ಕಣ್ರೀ. 1953ರಲ್ಲಿ ಅಮೆರಿಕದವರು ಅಟ್ಲಾಸ್ ಕ್ಷಿಪಣಿಗೆ ತುಕ್ಕು ಹಿಡಿಯದಿರಲಿ ಅಂತ, ನೀರು ಓಡಿಸೋಕೆ ಮಾಡಿದ್ದು. ಹೊಡೆದರೆ ಇರೋ ಗ್ರೀಸೂ ಕರಗಿ ಇಳಿದುಹೋಗುತ್ತೆ. ಇವತ್ತು ಓಡುತ್ತೆ, ನಾಡಿದ್ದು ಮೊದಲಿಗಿಂತ ಬಿಗಿ.’ ‘ನನ್ನ ಗೇಟಿಗೆ ಹೊಡೆದಿದ್ದೀನಿ, ಚೆನ್ನಾಗಿದೆ’ ಎಂದರು ಷಡ್ಡಕ. ‘ನಿಮ್ಮ ಗೇಟು ಕ್ಷಿಪಣಿ ಇರಬಹುದು.’ ಒಳಗಿನಿಂದ ಉಪ್ಪಿಟ್ಟು ಬಂದದ್ದರಿಂದ ಮಾತು ಅಲ್ಲಿಗೆ ನಿಂತಿತು.

ಆಮೇಲೆ ಬಿಚ್ಚಿದರು. ಮಗಳ ಹೇರ್ ಡ್ರೈಯರ್ ಹಿಡಿದು ಕನ್ನಡಿಯ ಅಂಚು ಬಿಸಿ ಮಾಡಿದರು, ಕ್ಲಿಪ್ಪು ಮೆದುವಾಗಲಿ ಎಂದು. ಒಂದು ಬದಿ ಒಳಕ್ಕೆ ಒತ್ತಿ, ಇನ್ನೊಂದು ಬದಿಯ ಸಂದಿಗೆ ಅಡುಗೆಮನೆಯ ಮರದ ಸಟ್ಟುಗ ತೂರಿಸಿ ಮೀಟಿದರು. ಕಬ್ಬಿಣದ್ದಾದರೆ ಗ್ಲಾಸು ಒಡೆಯುತ್ತದೆ. ‘ಟಕ್’. ಗಾಜು ಕೈಗೆ ಬಂತು. ಹಿಂದಿನ ವೈರು ಕಳಚಿ, ಸ್ಕ್ರೂ ಬಿಚ್ಚಿ, ಹೊರಚಿಪ್ಪು ತೆಗೆದರೆ ಬುಡದಲ್ಲಿ ಮಡಚುವ ಯಂತ್ರ: ಹೆಬ್ಬೆರಳಿನಷ್ಟು ಮೋಟಾರು, ಅದಕ್ಕೊಂದು ವರ್ಮ್ ಗೇರು, ಮೇಲೆ ದಪ್ಪನೆಯ ಸ್ಪ್ರಿಂಗು. ಕಾರ್ಖಾನೆಯಲ್ಲಿ ಹಚ್ಚಿದ್ದ ಗ್ರೀಸು ಇಷ್ಟು ವರ್ಷದ ಮಾಗಡಿ ರಸ್ತೆಯ ಧೂಳು ಕುಡಿದು ಕಂದು ಮೇಣವಾಗಿತ್ತು. ಯಜಮಾನರು ಅದನ್ನು ಉಗುರಿನಲ್ಲಿ ಕೆರೆದು ಎಲ್ಲರಿಗೂ ತೋರಿಸಿದರು. ನನ್ನ ಮೂಗಿಗೂ ಹಿಡಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮಗಳ ಮದುವೆಯ ದಿನವೂ ಕಂಡಿರಲಿಲ್ಲ.

ಸ್ಪ್ರಿಂಗನ್ನು ಹಿಡಿದಿಡುವ ಒಂದು ಸಣ್ಣ ಸರ್ಕ್ಲಿಪ್ ಇರುತ್ತದೆ. ಅದನ್ನು ತೆಗೆಯುವಾಗ ಮೇಲೆ ಬಟ್ಟೆ ಮುಚ್ಚಬೇಕೆಂದು ಷಡ್ಡಕ ಹೇಳಿದರು. ಹೇಳಿದವರು ಷಡ್ಡಕರಾದ್ದರಿಂದ ಯಜಮಾನರು ಮುಚ್ಚಲಿಲ್ಲ. ‘ಟಿಂಗ್’ ಎಂದದ್ದು ಎಲ್ಲರಿಗೂ ಕೇಳಿತು, ಹೋದದ್ದು ಯಾರಿಗೂ ಕಾಣಲಿಲ್ಲ. ಬೀದಿ ಬೀದಿಯೇ ಬಗ್ಗಿ ಹುಡುಕಿತು. ತುಳಸಿ ಕಟ್ಟೆಯ ಬುಡ, ಎದುರು ಮನೆಯ ರಂಗೋಲಿ, ಚರಂಡಿಯ ಕಲ್ಲಿನ ಸಂದಿ. ಹೂವಿನವಳು ಬುಟ್ಟಿ ಇಳಿಸಿ ಹುಡುಕಿದಳು. ಏನು ಹುಡುಕುತ್ತಿದ್ದೇವೆ ಎಂದು ಆಮೇಲೆ ಕೇಳಿದಳು. ಯಜಮಾನರು ಮಾತ್ರ ಬಗ್ಗಲಿಲ್ಲ. ಒಳಗೆ ಹೋಗಿ, ಗುಜರಿಯಿಂದ ತಂದಿದ್ದ ಬಲಗಡೆಯ ಕನ್ನಡಿಯನ್ನು ಅಟ್ಟದಿಂದಿಳಿಸಿ, ಅದರ ಸರ್ಕ್ಲಿಪ್ ತೆಗೆದರು. ಈ ಸಲ ಬಟ್ಟೆ ಮುಚ್ಚಿದರು, ಷಡ್ಡಕರು ಉಪ್ಪಿಟ್ಟಿನ ತಟ್ಟೆ ಇಡಲು ಒಳಗೆ ಹೋಗಿದ್ದಾಗ.

ಮಿಕ್ಕದ್ದು ಬೇಗ ಮುಗಿಯಿತು. ಪೆಟ್ರೋಲ್ ಹಾಕಿದರೆ ಪ್ಲಾಸ್ಟಿಕ್ ಕೆಡುತ್ತದೆಂದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೇಣ ತೊಳೆದರು. ಮೋಟಾರಿನ ಕಪ್ಪಾದ ಕಮ್ಯುಟೇಟರನ್ನು ಮೊಮ್ಮಗಳ ರಬ್ಬರಿನಿಂದ ಉಜ್ಜಿದರು. ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಮತ್ತೆ ಜೋಡಿಸಿದರು. ಸ್ವಿಚ್ ಒತ್ತಿದರೆ ‘ಝುಂಯ್’. ಯಾರೋ ಚಪ್ಪಾಳೆ ಹೊಡೆದರು. ಬೀದಿಗೆ ಒಂದು ಆಜ್ಞೆ ಹೊರಟಿತು: ಟ್ಯಾಂಕರಿಗೆ ದಾರಿ ಮಾಡುತ್ತೇನೆಂದು ಯಾರೂ ಈ ಕನ್ನಡಿಯನ್ನು ಕೈಯಲ್ಲಿ ಮಡಚಕೂಡದು, ಒಳಗಿನ ಹಲ್ಲು ಜಾಗ ತಪ್ಪುತ್ತದೆ. ತಪ್ಪಿದರೆ ಸ್ವಿಚ್ಚಿನಿಂದಲೇ ಒಮ್ಮೆ ಮಡಚಿ ಬಿಚ್ಚಿ, ‘ಠಕ್’ ಅನ್ನುವ ತನಕ ಕಾಯಬೇಕು.

ಎರಡು ಸ್ಕ್ರೂ ಉಳಿದಿದ್ದವು. ‘ಕಂಪನಿಯವರು ಜಾಸ್ತಿ ಹಾಕಿರ್ತಾರೆ’ ಎಂದು ಯಜಮಾನರು ಅವನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿದರು. ಆ ಬಾಟಲಿ ಮುಕ್ಕಾಲು ತುಂಬಿದೆ.

ಅದಾದ ವಾರವೇ ಕೆಂಗೇರಿಯಿಂದ ಫೋನು. ಷಡ್ಡಕರ ಕಾರಿನ ಕಿಟಕಿ ಗಾಜು ಇಳಿದದ್ದು ಮೇಲೇರುತ್ತಿಲ್ಲ, ಮಳೆ ಬೇರೆ ಬರುವ ಹಾಗಿದೆ. ‘ಡಬ್ಲ್ಯೂಡಿ-40 ಹೊಡೀಲಿಲ್ವಾ?’ ಎಂದು ಯಜಮಾನರು ವಿನಯದಿಂದ ವಿಚಾರಿಸಿದರು. ಅತ್ತಲಿಂದ ಬಂದ ಉತ್ತರ ನಮಗೆ ಕೇಳಿಸಲಿಲ್ಲ. ಫೋನಿಡುವ ಮೊದಲೇ ಒಂದು ಕೈ ಟೂಲ್ ಬಾಕ್ಸ್ ಮೇಲಿತ್ತು, ಇನ್ನೊಂದು ಅಡುಗೆಮನೆಯ ಕಡೆ ಚಾಚಿತ್ತು. ಹೆಂಡತಿ ಸಟ್ಟುಗ ತಂದುಕೊಟ್ಟರು. ‘ಇದನ್ನ ತಗೊಂಡು ಹೋಗಿ, ವಾಪಸ್ ಮಾತ್ರ ತರಬೇಡಿ. ನಾನು ಬೇರೆ ತಂದಿದ್ದೀನಿ, ಸ್ಟೀಲಿಂದು.’