ಕ್ಯಾನ್ಸರ್ ಲೆಕ್ಕ ಇಡುವ ದೊರೆಗಳಿಗೆ ದಾಸನಕೊಪ್ಪದಿಂದ ಬಹಿರಂಗ ಪತ್ರ

ವಿಷಯ: ಲೆಕ್ಕಕ್ಕೆ ಸೇರದ ಗಡ್ಡೆಗಳು.



ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1981ರ ಕೊನೆಗೆ ಆರಂಭಿಸಿತು. ಮರುವರ್ಷ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಎಣಿಕೆ ಶುರುವಾಯಿತು. ನೋಂದಣಿ ಸಿಬ್ಬಂದಿ ಆಸ್ಪತ್ರೆ, ಪ್ರಯೋಗಾಲಯ, ಮರಣ ದಾಖಲೆಗಳನ್ನು ಜಾಲಾಡಿ, ಒಬ್ಬರನ್ನೇ ಎರಡು ಸಲ ಎಣಿಸದಂತೆ ಹೆಸರು, ವಯಸ್ಸು, ವಿಳಾಸ ತಾಳೆ ನೋಡುತ್ತಾರೆ. ಶ್ರದ್ಧೆಯ ಕೆಲಸವೇ. 2020ರ ವರದಿಯ ಹೊತ್ತಿಗೆ ಇಂಥ ಜನಸಂಖ್ಯಾ ಆಧಾರಿತ ನೋಂದಣಿಗಳು ದೇಶಕ್ಕೆಲ್ಲ 28. ಅದರಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ಹತ್ತರಲ್ಲೊಂದು ಪಾಲು ಜನರನ್ನು ಎಣಿಸಿ, ಉಳಿದವರನ್ನು ಊಹಿಸಿ, 2022ರಲ್ಲಿ ಹೊಸ ರೋಗಿಗಳು 14.6 ಲಕ್ಷ ಎಂದು ಅಂದಾಜಿಸಲಾಯಿತು. ಒಂದಗುಳು ಹಿಚುಕಿದರೆ ಅನ್ನ ಬೆಂದದ್ದು ತಿಳಿಯುತ್ತದೆ, ನಿಜ. ಆದರೆ ಹಿಚುಕಿದ ಅಗುಳು ಬೆಂಗಳೂರಿನ ಪಾತ್ರೆಯದು.

ಶಿರಸಿ ತಾಲೂಕಿನ ದಾಸನಕೊಪ್ಪದ ರೋಗಿ ಅಂದಾಜಿನಲ್ಲಿ ಇರುತ್ತಾರೆ, ಎಣಿಕೆಯಲ್ಲಿ ಇರುವುದಿಲ್ಲ. ಬಯಾಪ್ಸಿ ಹುಬ್ಬಳ್ಳಿಯಲ್ಲಿ, ಆಪರೇಷನ್ ಮಣಿಪಾಲದಲ್ಲಿ, ಕೊನೆಯುಸಿರು ಮನೆಯಲ್ಲಿ. ಹೋದಲ್ಲೆಲ್ಲ ಹೊಸ ನಂಬರು. ಹೀಗಾಗಿ ರಾಷ್ಟ್ರೀಯ ಸಮನ್ವಯದ ಹೊಣೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದ ಮೇಲೆ ಬಿದ್ದಿದೆ: ಮಡಿಕೆಯಲ್ಲಿ ಹರಿದ ರಿಪೋರ್ಟು, ಶಾಯಿ ಮಾಸಿದ ರಸೀದಿ, ಮಳೆಗಾಲದಲ್ಲಿ ಅಂಟಿಕೊಂಡ ಸ್ಕ್ಯಾನ್ ಫಿಲ್ಮು. ಆ ಚೀಲ ಹಿಡಿದು ಬೆಳಗಿನಿಂದ ಕೌಂಟರಿನ ಮುಂದೆ ನಿಂತ ಮಗನಿಗೆ ಊಟದ ಹೊತ್ತಿಗೆ ಸಿಗುವ ಉತ್ತರ, "ಜೆರಾಕ್ಸ್ ಮಾಡಿಸ್ಕೊಂಡು ನಾಳೆ ಬನ್ನಿ."

ದೊಡ್ಡ ಆಸ್ಪತ್ರೆಗಳಲ್ಲೂ ನೋಂದಣಿ ಉಂಟು. ಅದು ಬಾಗಿಲಿಗೆ ಬಂದವರ ಲೆಕ್ಕ. ಒಂದು ಸೀಮೆಯಲ್ಲಿ ಲಕ್ಷಕ್ಕೆ ಎಷ್ಟು ಜನರಿಗೆ ರೋಗ ಎಂಬುದು ಅದರಿಂದ ಸಿಗದು. ಸತ್ತಮೇಲಾದರೂ ಸಿಗುತ್ತದೆಯೇ? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ನೂರಕ್ಕೆ ಸುಮಾರು 22.5. ಉಳಿದವರೆಲ್ಲ ಸುಮ್ಮನೆ ಸತ್ತವರು.

ಸಿದ್ದಾಪುರದ ಕಾಡಿನಲ್ಲಿ ಮಂಗ ಸತ್ತರೆ ಹಾಗಲ್ಲ. ಆರೋಗ್ಯ, ಅರಣ್ಯ, ಪಶು ಇಲಾಖೆಗಳಿಗೆ ಸುದ್ದಿ ಮುಟ್ಟುತ್ತದೆ, ಜಾಗ ಗುರುತಾಗುತ್ತದೆ, ಸುತ್ತಲಿನ ಉಣುಗುಗಳನ್ನು ಹಿಡಿದು ಪರೀಕ್ಷೆಗೆ ಕಳಿಸುತ್ತಾರೆ. ಮಂಗನ ಕಾಯಿಲೆಗೆ ಅದು ಬೇಕಾದದ್ದೇ. ಕರ್ನಾಟಕದಲ್ಲಿ ಕ್ಯಾನ್ಸರನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶವಿದೆ. ಕೌಂಟರಿಗೆ ಆ ಸುದ್ದಿ ಇನ್ನೂ ಬಂದಂತಿಲ್ಲ. ಮಂಗನಿಗೆ ಸಿಕ್ಕ ಮೂರು ಇಲಾಖೆಗಳಲ್ಲಿ ಒಂದನ್ನಾದರೂ ಮನುಷ್ಯನಿಗೆ ಕೊಡಬಾರದೇ?

ಇದು ಎಲೆ ಅಡಿಕೆಯ ಕವಳ ಹಾಕುವ ಸೀಮೆ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಂದಿನಿಂದ ಬೆಳೆಗಾರರು ಸುಳ್ಳು ಎನ್ನುತ್ತಾರೆ, ವೈದ್ಯರು ನಿಜ ಎನ್ನುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಾಯಿ ಕ್ಯಾನ್ಸರ್ ಎಷ್ಟು, ಅದರಲ್ಲಿ ಹೊಗೆಸೊಪ್ಪು ಹಾಕಿದವರೆಷ್ಟು, ಬರೀ ಎಲೆ ಅಡಿಕೆಯವರೆಷ್ಟು ಎಂಬ ಲೆಕ್ಕ ಇಬ್ಬರ ಕೈಯಲ್ಲೂ ಇಲ್ಲ. ನಾಚಿಕೆಗೇಡು. ಅಡಿಕೆ ಕ್ವಿಂಟಾಲಿಗೆ ಎಷ್ಟು ಎಂಬುದು ಮಾತ್ರ ದಿನವೂ ಪೇಪರಿನಲ್ಲಿ ಬರುತ್ತದೆ.

ಹಳ್ಳಿಯಲ್ಲಿ ಎಣಿಸಲಾಗದು ಎಂಬ ನೆವವೂ ನಡೆಯದು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲೇ ಗ್ರಾಮೀಣ ನೋಂದಣಿ ಆರಂಭವಾಯಿತು. ಸಿಬ್ಬಂದಿ ಊರೂರು ಸುತ್ತಿ, ಲಕ್ಷಣ ತಿಳಿಸಿ, ಸಂಶಯವಿದ್ದವರನ್ನು ಆಸ್ಪತ್ರೆಗೆ ಕಳಿಸಿ ಲೆಕ್ಕ ಬರೆದರು. ಘಟ್ಟದ ಮೇಲೂ ಅಂಥದ್ದೊಂದು ಬೇಕು. ಹುಬ್ಬಳ್ಳಿಯ ನಂಬರು ಮಣಿಪಾಲದಲ್ಲೂ ನಡೆಯಬೇಕು. ಮರಣ ದಾಖಲೆಗೂ ಅದೇ ನಂಬರು ಹೋಗಬೇಕು.

ಲಗತ್ತು: ಇಲ್ಲ. ಕರೆಂಟು ಹೋಗಿದೆ, ಜೆರಾಕ್ಸ್ ನಾಳೆ.