ಶಾಲಾನ್ವೇಷಕ

ಕನ್ಯಾನ್ವೇಷಣೆಯನ್ನೇ ವ್ರತವಾಗಿ ಹಿಡಿದವರನ್ನು ನಾವೆಲ್ಲರೂ ಬಲ್ಲೆವು. ಆದರೆ ದಸರಾ ರಜೆ ಮುಗಿಯುತ್ತಲೇ ಬೆಂಗಳೂರಿನ ಬೀದಿಗಳಲ್ಲಿ ಕಾಣಿಸಿಕೊಳ್ಳುವ ಶಾಲಾನ್ವೇಷಕರ ನಿಷ್ಠೆಯ ಮುಂದೆ ಅವರು ಅಲ್ಪಾಸಕ್ತರೇ ಸರಿ. ವಧುಪರೀಕ್ಷೆಯ ಸಕಲ ಲಕ್ಷಣಗಳೂ ಇದಕ್ಕುಂಟು, ಉಪ್ಪಿಟ್ಟು ಕೇಸರಿಬಾತುಗಳನ್ನುಳಿದು. ಈ ಕೊರತೆಯನ್ನು ನಾನು ಬಲ್ಲೆನು. ಏಕೆಂದರೆ ನನ್ನ ಭಾವಮೈದನು ಮೂರು ವರ್ಷದ ಮಗಳಿಗೆ ಶಾಲೆ ಹುಡುಕಹೊರಟಾಗ, "ಭಾವ, ನಿಮ್ಮಂಥ ಹಿರಿಯರು ಜೊತೆಗಿದ್ದರೆ ಒಂದು ತೂಕ" ಎಂದು ನನ್ನನ್ನೂ ಎಳೆದೊಯ್ಯುತ್ತಿದ್ದನು. ಆ ತೂಕವನ್ನೆಲ್ಲ ನಾನು ಶಿಶುವರ್ಗದ ಗೇಣೆತ್ತರದ ಕುರ್ಚಿಗಳ ಮೇಲೆ ಇಳಿಸಬೇಕಾಗುತ್ತಿತ್ತು.

ಸಿಬಿಎಸ್‌ಇಯೋ ಸ್ಟೇಟ್ ಸಿಲೆಬಸ್ಸೋ, ವ್ಯಾನು ಮನೆಯ ತಿರುವಿಗೆ ಬರುವುದೋ, ನಲ್ಲಿಯಲ್ಲಿ ನೀರುಂಟೋ ಎಂಬ ಅವನ ವಿಚಾರಣೆಗಳೆಲ್ಲ ಕ್ಷಮ್ಯವೇ; ಕ್ಷಮಿಸಲಾಗದ್ದು ಅವನ ಕಾನೂನುಜ್ಞಾನ. ಜಯನಗರದ ಕಡೆಯ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು, "ನಿನ್ನ ಹೆಸರೇನು ಪುಟ್ಟಿ?" ಎಂದು ಕೇಳಿದ್ದೇ ತಡ, ಇವನು ಎದ್ದು ನಿಂತು, 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಕಲಮು ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷಿಸುವುದನ್ನು ನಿಷೇಧಿಸಿದೆಯೆಂದೂ, ಮೀರಿದರೆ ಮೊದಲ ಸಲಕ್ಕೆ 25,000 ರೂಪಾಯಿಗಳವರೆಗೆ ದಂಡವುಂಟೆಂದೂ, 30 ಮಕ್ಕಳಿಗೊಬ್ಬ ಉಪಾಧ್ಯಾಯರನ್ನು ಇಟ್ಟಿದ್ದೀರಾ ಎಂದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದನು. ಆಕೆ ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸಿಕೊಂಡು, "ಆ ಕಾಯಿದೆಯಲ್ಲಿ ಮಗುವೆಂದರೆ 6 ವರ್ಷದಿಂದ 14 ವರ್ಷದವರೆಗಿನದು, ಸಾರ್. ಇದಿನ್ನೂ ಮಗುವೇ ಆಗಿಲ್ಲ" ಎಂದರು. ಅಷ್ಟರಲ್ಲಿ, ಇನ್ನೂ ಮಗುವಾಗದ ಆ ಮಗುವು ತನ್ನ ಹೆಸರನ್ನೂ ಅಪ್ಪನ ಸಂಬಳವನ್ನೂ ಅಜ್ಜಿಯ ಮಂಡಿನೋವನ್ನೂ ಬಾಗಿಲಲ್ಲಿದ್ದ ಆಯಾಗೆ ಸವಿಸ್ತಾರವಾಗಿ ನಿವೇದಿಸುತ್ತಿತ್ತು.

ನಗುವುದು ಸುಲಭ. ಇವನನ್ನು ಅರಸೀಕೆರೆಯ ಕಡೆಯ ಹಳ್ಳಿಯ ಸರ್ಕಾರಿ ಶಾಲೆಗೆ ಸೇರಿಸಿದ ದಿನ, ನನ್ನ ಮಾವನವರು, "ಎರಡು ಬಿಗಿದಾದರೂ ಬುದ್ಧಿ ಕಲಿಸಿ, ಮೇಷ್ಟ್ರೇ" ಎಂದಿಷ್ಟೇ ಹೇಳಿ ತೋಟಕ್ಕೆ ನಡೆದರಂತೆ. ಹುಟ್ಟಿದ ದಿನವನ್ನು ಮೇಷ್ಟರೇ ಊಹಿಸಿ ಬರೆದುಕೊಂಡರಂತೆ. ನಾಲ್ಕು ತರಗತಿಗಳು ಒಂದೇ ಕೋಣೆಯಲ್ಲಿ ಕುಳಿತಿದ್ದ ಆ ಶಾಲೆಯಿಂದ ಇವನು ಕೆಟ್ಟೇನೂ ಹೋಗಲಿಲ್ಲ. ಆದರೆ ಮೇಷ್ಟರಲ್ಲಿ ಮಾವನವರಿಗಿದ್ದ ಆ ನಿಶ್ಚಿಂತೆಯು ಇವನ ಪಾಲಿಗೆ ಬರಲಿಲ್ಲ. ಇಪ್ಪತ್ತು ವರ್ಷಗಳಾಚೆಯ ಕ್ಷೇಮಕ್ಕೆ ಈಗಲೇ ಜಾಮೀನು ಬೇಡುತ್ತಾನೆ, ಅದನ್ನು ಕೊಡತಕ್ಕ ಶಾಲೆ ಭೂಮಂಡಲದಲ್ಲಿಲ್ಲ. ಮಕ್ಕಳನ್ನು ಒಪ್ಪಿಸುವುದೆಂದರೆ ಕಡೆಗೂ ಯಾರನ್ನಾದರೂ ನಂಬುವುದೇ ಅಷ್ಟೆ.

ಅವನೂ ನಂಬಿದನು, ತನ್ನದೇ ಕ್ರಮದಲ್ಲಿ. ಮಗಳು ಈಗ ಅದೇ ಮುಖ್ಯೋಪಾಧ್ಯಾಯಿನಿಯವರ ಶಾಲೆಯಲ್ಲಿದ್ದಾಳೆ. ಕಾರಣ ಕೇಳಿದರೆ, "ಕಾಯಿದೆಯನ್ನು ಪೂರ್ತಿ ಓದಿಕೊಂಡವರು ಅವರೊಬ್ಬರೇ, ಭಾವ" ಎನ್ನುತ್ತಾನೆ.