ತೂಬಿಲ್ಲದ ಕೆರೆಗಳೂ ಮಾವನವರೂ

ಬೇಸಿಗೆ ಬಂತೆಂದರೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಒಬ್ಬ ಹಿರಿಯರು ಕಾಣಿಸಿಕೊಳ್ಳುತ್ತಾರೆ. ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಮಗಳು ಕೊಡಿಸಿದ ಹೊಸ ಬೂಟು, ಕೈಚೀಲದಲ್ಲಿ ಕೋಡುಬಳೆ. ಡಾಲರನ್ನು ರೂಪಾಯಿಗೆ ತಿರುಗಿಸಿ ನಿಟ್ಟುಸಿರು ಬಿಡುವುದು, ಊರಿಗೆ ವಿಡಿಯೋ ಕಾಲ್ ಮಾಡಿ "ಇಲ್ಲಿ ಈಗ ಬೆಳಗ್ಗೆ" ಎಂದು ಕೂಗುವುದು, ಎಲ್ಲ ಸಹಿಸಬಹುದು. ಆದರೆ ಅವರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯವರಾಗಿ, ನೀರಾವರಿ ಕೆಲಸದಿಂದ ನಿವೃತ್ತರಾಗಿ, ಮೇಲಾಗಿ ಮಾವನಾಗಿ ಸಿಕ್ಕಿದರೆ ಅಳಿಯನ ಪಾಡು ಬೇಡ. (ಇದನ್ನು ಬರೆಯುತ್ತಿರುವವನ ಮಾವನವರೂ ಅದೇ ಕಡೆಯವರು ಎಂಬುದು ಬರೀ ಕಾಕತಾಳೀಯ.)

ಕೊಲರಾಡೋದ ರಾಕಿ ಮೌಂಟನ್ ಉದ್ಯಾನ 1915ರದು. 2020ರಿಂದೀಚೆಗೆ ಬೇಸಿಗೆಯಲ್ಲಿ ಒಳಹೋಗುವ ಹೊತ್ತನ್ನೂ ಮುಂಗಡ ಕಾದಿರಿಸಬೇಕು. ಅಷ್ಟೆಲ್ಲ ಹೆಣಗಿ ಅಳಿಯ 9,475 ಅಡಿ ಎತ್ತರದ ಬೇರ್ ಲೇಕ್ ದಡಕ್ಕೆ ತಂದು ನಿಲ್ಲಿಸಿದ. ಮಾವನವರು ನೀರನ್ನು ನೋಡಲೇ ಇಲ್ಲ. ಸುತ್ತ ಕಣ್ಣಾಡಿಸಿ, "ಅಳಿಯಂದ್ರೇ, ಏರಿ ಎಲ್ಲೈತೆ?" ಎಂದರು.

ಹಿಮನದಿ ತಂದು ಸುರಿದ ಕಲ್ಲುಮಣ್ಣೇ ನೀರನ್ನು ತಡೆದಿದೆ ಎಂದು ಅಳಿಯ ವಿವರಿಸಿದ.

"ತೂಬು?"

ಇಲ್ಲ.

"ಅಚ್ಚುಕಟ್ಟು?"

ಅದೂ ಇಲ್ಲ.

"ಮತ್ಯಾಕ್ರೀ ಈ ಕೆರೆ?"

ನಿಂಫ್, ಡ್ರೀಮ್, ಎಮರಾಲ್ಡ್: ಮೂರು ಕಿಲೋಮೀಟರಿಗೂ ಕಡಿಮೆ ದಾರಿಯಲ್ಲಿ ಮೂರು ಕೆರೆ, ಮೂರರಲ್ಲೂ ಇದೇ ತಪಾಸಣೆ. ಹ್ಯಾಲೆಟ್ ಶಿಖರದಡಿ ಜನ ಬಾಯಿಬಿಟ್ಟುಕೊಂಡು ನಿಂತಿದ್ದರೆ ಇವರು ತಮ್ಮೂರ ಕಡೆಯ ಮಾರ್ಕೋನಹಳ್ಳಿ ಜಲಾಶಯದ ಸೈಫನ್ನಿನ ವರ್ಣನೆಯಲ್ಲಿದ್ದರು. ನೀರು ಮಟ್ಟ ಮೀರಿದರೆ ಗೇಟು ಎತ್ತುವವನೇ ಬೇಡ, ತಾನಾಗಿ ಹರಿದುಹೋಗುತ್ತದೆ! ಗಮನವಿಟ್ಟು ಕೇಳಿದ್ದು ಒಂದು ಚಿಪ್‌ಮಂಕ್ ಮಾತ್ರ. ಅದಕ್ಕೆ ಕೋಡುಬಳೆ ಮುರಿಯಹೊರಟವರನ್ನು, ಇಲ್ಲಿ ಪ್ರಾಣಿಗಳಿಗೆ ತಿನ್ನಲು ಕೊಟ್ಟರೆ ದಂಡ ಎಂದು ಅಳಿಯ ತಡೆದ. "ರಾಮ ಬೆನ್ನು ಸವರಿದ ಅಳಿಲು ಕಣ್ರೀ ಇದು, ಇದಕ್ಕೂ ಕಾನೂನಾ?"

ಮಾತು ನಿಲ್ಲಿಸಲೆಂದೇ ಅಳಿಯ ಲಾನ್ ಲೇಕ್ ಕಥೆ ತೆಗೆದ. ಇದೇ ಉದ್ಯಾನದ ಆ ಕೆರೆಗೆ 1903ರಲ್ಲಿ ರೈತರು ನೀರಾವರಿಗೆಂದು ಮಣ್ಣಿನ ಏರಿ ಕಟ್ಟಿದ್ದರು. 1982ರ ಜುಲೈ 15ರ ಬೆಳಗ್ಗೆ ಅದು ಒಡೆದು ಮೂವರು ಸತ್ತರು. ಕೆಳಗಿನ ಎಸ್ಟೆಸ್ ಪಾರ್ಕ್ ಪೇಟೆಗೆ ಕೆಸರು ನುಗ್ಗಿತು.

ಮಾವನವರು ಕೋಡುಬಳೆ ಕೆಳಗಿಟ್ಟರು. "ತೂಬಿನ ಹತ್ರ ಜಿನುಗಿರ್ಬೇಕು. ಯಾರೂ ಹೋಗಿ ನೋಡ್ತಿರ್ಲಿಲ್ವಾ?"

ಕೆಳಗಿಳಿದು ಸಿಗ್ನಲ್ ಸಿಕ್ಕಮೇಲೆ ಅಳಿಯ ಫೋನಿನಲ್ಲಿ ಹುಡುಕಿದ. ತನಿಖೆ ಹೇಳಿದ್ದೂ ಅದನ್ನೇ. ತೂಬಿನ ಕೊಳವೆಗೆ ಕವಾಟ ಸೇರುವಲ್ಲಿ, ಸಂದಿಗೆ ತುಂಬಿದ್ದ ಸೀಸ ಹಾಳಾಗಿ ನೀರು ಸೋರಿ ಏರಿಯನ್ನು ಒಳಗಿಂದಲೇ ಕೊರೆದಿತ್ತು. ಮಳೆಗಾಲದ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಏರಿಯ ಮೇಲೆ ಓಡಾಡಿದವರಿಗೆ ವರದಿ ಬೇಕಿರಲಿಲ್ಲ. ಬೋರ್‌ವೆಲ್ ಬಂದಮೇಲೆ ಊರಿನಲ್ಲಿ ನೀರುಗಂಟಿಯನ್ನೇ ಕೇಳುವವರಿಲ್ಲ, ಇನ್ನು ಇವರನ್ನು ಯಾರು ಕೇಳುತ್ತಾರೆ?

"ನಾಳೆ ಅಲ್ಲಿಗೇ ಹೋಗಾಣ," ಎಂದರು ಮಾವನವರು.

ಲಾನ್ ಲೇಕಿಗೆ ಸುಮಾರು ಹತ್ತು ಕಿಲೋಮೀಟರ್ ಏರುದಾರಿ, ವಾಪಸ್ಸೂ ಅಷ್ಟೇ. ಅಳಿಯ ಮಂಡಿಗೆ ಹಚ್ಚುವ ಮುಲಾಮು ಹುಡುಕುವಷ್ಟರಲ್ಲಿ, ಬೆಳಗ್ಗೆ ಐದಕ್ಕೇ ಚಿತ್ರಾನ್ನ ಕಟ್ಟಿಡಬೇಕೆಂದು ಮಗಳಿಗೆ ಹೇಳಿಯಾಗಿತ್ತು.